ಸೈಕಲ್ ಫ್ರೇಮಿನ ಮೇಲೆ ಹಾಕಿಸಿದ ಗುರುತು ಕೆಟ್ಟುಹೋದರೆ: ಹಾಸನ, ಚಿಕ್ಕಮಗಳೂರಿನ ಸವಾರರಿಗೆ ಸಮಗ್ರ ಮಾರ್ಗದರ್ಶಿ

ಸ್ಟೀಲ್ ಪಾತ್ರೆ ಕೊಂಡರೆ ಅಂಗಡಿಯವರೇ ಹೆಸರು ಹಾಕಿಕೊಡುತ್ತಾರೆ. ಜುಂಯ್ ಅಂತ ಸದ್ದು ಮಾಡುವ ಪುಟ್ಟ ಕೈಮಿಷನ್ನು, ಎರಡು ನಿಮಿಷದ ಕೆಲಸ. ಅದೇ ಮಿಷನ್ನಿನ ಮುಂದೆ ಸೈಕಲ್ ನಿಲ್ಲಿಸಿ "ಅಣ್ಣಾ, ಇದಕ್ಕೂ ಒಂದು ಹೆಸರು ಹಾಕಿಬಿಡಿ" ಅನ್ನುವವರು ಹಾಸನದಲ್ಲೂ ಇದ್ದಾರೆ, ಚಿಕ್ಕಮಗಳೂರಿನಲ್ಲೂ ಇದ್ದಾರೆ. ಕಳ್ಳತನವಾದರೆ ಗುರುತು ಹಿಡಿಯಬಹುದು ಅನ್ನೋ ಲೆಕ್ಕ. ಲೆಕ್ಕ ಸರಿಯೇ. ಆದರೆ ತಟ್ಟೆಯ ತಳ ಚಪ್ಪಟೆ, ಸೈಕಲ್ ಪೈಪು ಗುಂಡು. ಮೇಲೆ ನುಣುಪಾದ ಬಣ್ಣ ಬೇರೆ. ಸೂಜಿ ಜಾರುತ್ತದೆ. ಅಕ್ಷರ ಸೊಟ್ಟಗಾಗುತ್ತದೆ, ಬಣ್ಣ ಚಕ್ಕೆ ಏಳುತ್ತದೆ. ಹತ್ತು ಅಂಕಿಯ ಫೋನ್ ನಂಬರಿನಲ್ಲಿ ಒಂದು ಅಂಕಿ ತಪ್ಪಿದರಂತೂ ಸೈಕಲ್ ಸಿಕ್ಕವರು ಇನ್ಯಾರಿಗೋ ಫೋನ್ ಮಾಡುತ್ತಾರೆ.

ಬೇಲೂರಿನಲ್ಲಿ ದಾಸೋಜ, ಚಾವಣ ಅನ್ನುವ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದ್ದಾರೆ. ಒಂಬೈನೂರು ವರ್ಷವಾದರೂ ಓದಬಹುದು. ಅವರ ಕೈಯಲ್ಲಿದ್ದದ್ದು ಬಳಪದ ಕಲ್ಲು, ಮೇಲಾಗಿ ಅವರಿಗೆ ಕೆತ್ತೋದು ಬರುತ್ತಿತ್ತು. ನಮ್ಮ ಕೈಯಲ್ಲಿರುವುದು ಹೆಚ್ಚುಕಮ್ಮಿ ಒಂದು ಮಿಲಿಮೀಟರ್ ದಪ್ಪದ ಪೈಪು, ಅದೂ ದಿನಾ ಭಾರ ಹೊರುವ ಪೈಪು.

ಗುರುತು ಕೆಡುವ ದಾರಿ ಇದೊಂದೇ ಅಲ್ಲ. ಲೇಥ್ ಅಂಗಡಿಯಲ್ಲಿ ನಂಬರ್ ಪಂಚ್ ಇಟ್ಟು ಸುತ್ತಿಗೆಯಲ್ಲಿ ಹೊಡೆಸಿ ಪೈಪನ್ನು ತಗ್ಗು ಮಾಡಿಸಿಕೊಂಡವರಿದ್ದಾರೆ. ಆನ್‌ಲೈನ್‌ನಲ್ಲಿ ತರಿಸಿದ ಅಚ್ಚು ಹಾಳೆ ಇಟ್ಟು ರಾಸಾಯನಿಕ ಹಚ್ಚಿ, ಅದು ಹಾಳೆಯ ಕೆಳಗೆ ಹರಿದು ಅಂಕಿಗಳೆಲ್ಲ ಕಲಸಿಹೋಗಿದ್ದೂ ಇರುತ್ತದೆ. ಇನ್ನು ಹೈಸ್ಕೂಲ್ ಮಕ್ಕಳ ಕೈವಾರ! ಸರ್ಕಾರ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಉಚಿತ ಸೈಕಲ್ ಕೊಡೋಕೆ ಶುರು ಮಾಡಿದಾಗ ಶಾಲೆಯ ಮುಂದೆ ಸಾಲಾಗಿ ನಿಂತ ಸೈಕಲ್‌ಗಳೆಲ್ಲ ಒಂದೇ ಥರ. ನನ್ನದು ಯಾವುದು ಅಂತ ತಿಳಿಯಬೇಕಲ್ಲ. ಕೈವಾರದ ಮುಳ್ಳಿನಲ್ಲಿ ಹೆಸರು ಗೀಚಿದರು. ಆ ಗೀರಿನಿಂದ ತುಕ್ಕು ಶುರುವಾಗಿ ಪೈಪಿಗೇ ಇಳಿದ ಸೈಕಲ್‌ಗಳು ಇವತ್ತಿಗೂ ಹಿತ್ತಲಿನಲ್ಲಿ ಸಿಗುತ್ತವೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಅಂದ ಕೊನೆಗೆ. ಮೊದಲು ದಾಖಲೆ, ಆಮೇಲೆ ಪೈಪಿನ ಗಟ್ಟಿತನ, ಆಮೇಲೆ ತುಕ್ಕು. ಜನ ಇದನ್ನು ತಲೆಕೆಳಗು ಮಾಡುತ್ತಾರೆ. ಸೊಟ್ಟ ಅಕ್ಷರ ಕಂಡ ಕೂಡಲೇ ಉಪ್ಪುಕಾಗದ ಹಿಡಿದು ಉಜ್ಜುತ್ತಾರೆ. ಹಾಳಾಗೋದು ಅಲ್ಲೇ.

ಹೆಜ್ಜೆ 1: ಉಜ್ಜುವ ಮೊದಲು ಕಂಪನಿ ನಂಬರ್ ಹುಡುಕಿ

ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ. ಎರಡು ಪೆಡಲ್ ಸೇರುವ ಕಡೆ, ಆಕ್ಸಲ್ ಕೂರುವ ಅಡ್ಡ ಕೊಳವೆ ಇರುತ್ತದೆ. ಅದರ ತಳದಲ್ಲಿ ಹೆಚ್ಚಿನ ಕಂಪನಿಗಳು ಫ್ರೇಮ್ ನಂಬರ್ ಒತ್ತಿರುತ್ತವೆ. ಅಲ್ಲಿ ಇಲ್ಲದಿದ್ದರೆ ಹ್ಯಾಂಡಲ್ ಕೆಳಗಿನ ಗಿಡ್ಡ ಪೈಪು, ಸೀಟಿನ ಕೆಳಗಿನ ಜೋಡಣೆ, ಹಿಂದಿನ ಚಕ್ರ ಕೂರುವ ಕವಲು, ಇಷ್ಟು ಜಾಗ ನೋಡಿ. ಮಣ್ಣು, ಗ್ರೀಸ್ ಮೆತ್ತಿರುತ್ತದೆ. ಹಳೇ ಹಲ್ಲುಜ್ಜುವ ಬ್ರಶ್ಶನ್ನು ಸೀಮೆಎಣ್ಣೆಯಲ್ಲಿ ಅದ್ದಿ ತಿಕ್ಕಿ. ಒಣಗಿದ ಮೇಲೆ ಸೀಮೆಸುಣ್ಣ ಸವರಿ, ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ತಗ್ಗಿನಲ್ಲಿ ಬಿಳಿ ಉಳಿದು ಅಂಕಿ ಎದ್ದು ಕಾಣುತ್ತದೆ. ಫೋಟೊ ತೆಗೆದು ನಂಬರನ್ನು ಬೇರೆ ಬರೆದೂ ಇಟ್ಟುಕೊಳ್ಳಿ. 0 ಮತ್ತು O, 1 ಮತ್ತು I, 8 ಮತ್ತು B ಗೊಂದಲ ಮಾಡುತ್ತವೆ, ಬಿಲ್ಲಿನಲ್ಲಿ ಬರೆದಿದ್ದರೆ ಅದರ ಜೊತೆ ತಾಳೆ ನೋಡಿ.

ಈ ನಂಬರನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ನೀವು ಹಾಕಿಸಿದ ಕೆಟ್ಟ ಗುರುತು ಇದರ ಪಕ್ಕದಲ್ಲೇ ಇದ್ದರೆ, ಇದರ ಮೇಲೇ ಹತ್ತಿದ್ದರೆ, ಆ ಜಾಗದಲ್ಲಿ ಉಜ್ಜುವ ಕೆಲಸವೇ ಬೇಡ. ಬಣ್ಣ ಮಾತ್ರ ತೆಳ್ಳಗೆ ಹಚ್ಚಿ. ಕಂಪನಿ ನಂಬರ್ ಉಜ್ಜಿಹೋದ ಸೈಕಲ್ ನೋಡಿದರೆ ಯಾರಿಗಾದರೂ ಬರುವ ಮೊದಲ ಅನುಮಾನ ಒಂದೇ: ಕದ್ದ ಮಾಲು.

ಕಾನೂನಿನ ಮಾತು ಸ್ವಲ್ಪ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 345ನೇ ಸೆಕ್ಷನ್ ಪ್ರಕಾರ, ಒಂದು ವಸ್ತು ಇಂಥವರದ್ದು ಅಂತ ತೋರಿಸಲು ಹಾಕಿದ ಗುರುತು ಸ್ವತ್ತಿನ ಗುರುತು. ಇನ್ನೊಬ್ಬರಿಗೆ ನಷ್ಟ ಮಾಡುವ ಉದ್ದೇಶದಿಂದ ಅದನ್ನು ಅಳಿಸಿದರೆ, ಕೆಡಿಸಿದರೆ 346ನೇ ಸೆಕ್ಷನ್‌ನಲ್ಲಿ ಒಂದು ವರ್ಷದವರೆಗೆ ಶಿಕ್ಷೆ ಇದೆ. ನಿಮ್ಮದೇ ಸೈಕಲ್ಲಿನ ಮೇಲೆ ನೀವೇ ಹಾಕಿಸಿದ ಗುರುತನ್ನು ಸರಿ ಮಾಡಿಕೊಂಡರೆ ಇದು ಯಾವುದೂ ಬರೋದಿಲ್ಲ. ಆದರೆ ನಿಮ್ಮದೇ ಅಂತ ತೋರಿಸಬೇಕಾಗಿ ಬಂದಾಗ ಕೈಯಲ್ಲಿ ಏನಾದರೂ ಇರಬೇಕು. ಅದಕ್ಕೇ ರಿಪೇರಿಗೆ ಮೊದಲು, ರಿಪೇರಿ ನಡುವೆ, ರಿಪೇರಿ ಆದಮೇಲೆ ಫೋಟೊ ತೆಗೆಯಿರಿ. ಒಂದು ಫೋಟೊದಲ್ಲಾದರೂ ಇಡೀ ಸೈಕಲ್ಲು ನಿಮ್ಮ ಜೊತೆ ಕಾಣಲಿ.

ಹೆಜ್ಜೆ 2: ಪೈಪು ಯಾವುದರದ್ದು?

ಫ್ರಿಜ್ ಮೇಲೆ ಅಂಟಿಸುವ ಅಯಸ್ಕಾಂತ ತಗೊಳ್ಳಿ. ಫ್ರೇಮಿಗೆ ಕಚ್ಚಿಕೊಂಡರೆ ಉಕ್ಕು. ಕಚ್ಚದಿದ್ದರೆ ಹೆಚ್ಚಾಗಿ ಅಲ್ಯುಮಿನಿಯಂ. ಗೇರ್ ಸೈಕಲ್‌ಗಳಲ್ಲಿ ಪೈಪು ದಪ್ಪ, ತೂಕ ಕಮ್ಮಿ, ಜೋಡಣೆಯ ಕಡೆ ಮೀನಿನ ಹುರುಪೆಯಂಥ ವೆಲ್ಡಿಂಗ್ ಗೆರೆ ಕಂಡರೆ ಅದು ಅಲ್ಯುಮಿನಿಯಂ ಅಂತಲೇ ಇಟ್ಟುಕೊಳ್ಳಿ. ಕಾರ್ಬನ್ ಫ್ರೇಮ್ ಆಗಿದ್ದರೆ ಅದರ ಬೆಲೆಯಿಂದಲೇ ನಿಮಗೆ ಗೊತ್ತಿರುತ್ತದೆ.

ಇದನ್ನು ಮೊದಲೇ ತಿಳಿಯಬೇಕಾದ ಕಾರಣ ಪೈಪಿನ ದಪ್ಪ. ಸಾಮಾನ್ಯ ಉಕ್ಕಿನ ಸೈಕಲ್ಲಿನ ಪೈಪು 1.2ರಿಂದ 1.6 ಮಿಲಿಮೀಟರ್ ದಪ್ಪ ಇರುತ್ತದೆ. ಅದರಲ್ಲಿ ಪಾತ್ರೆ ಮಿಷನ್ನಿನ ಗೀರು ಲೋಹಕ್ಕೆ 0.1 ಮಿಲಿಮೀಟರ್ ಇಳಿದರೂ ಗಟ್ಟಿತನಕ್ಕೆ ಧಕ್ಕೆ ಇಲ್ಲ, ತುಕ್ಕಿನ ಚಿಂತೆ ಮಾತ್ರ. ಆದರೆ ದುಬಾರಿ ಹಗುರ ಉಕ್ಕಿನ ಫ್ರೇಮುಗಳಲ್ಲಿ ಪೈಪಿನ ತುದಿಗಳು ದಪ್ಪ, ನಡುಭಾಗ 0.5, 0.6 ಮಿಲಿಮೀಟರ್ ಮಾತ್ರ. ಅಲ್ಲಿ ಅದೇ ಗೀರು ದಪ್ಪದ ಐದನೇ ಅಥವಾ ಆರನೇ ಒಂದು ಪಾಲನ್ನು ತಿಂದ ಹಾಗೆ. ಅಲ್ಯುಮಿನಿಯಂ ಪೈಪಿನ ನಡುಭಾಗವೂ ಕೆಲವು ಸಲ ಒಂದು ಮಿಲಿಮೀಟರಿಗಿಂತ ತೆಳ್ಳಗಿರುತ್ತದೆ.

ಇನ್ನೂ ಒಂದು ವ್ಯತ್ಯಾಸ. ಉಕ್ಕಿಗೆ ಒಂದು ಮಿತಿಯೊಳಗಿನ ಒತ್ತಡ ಎಷ್ಟು ಸಲ ಬಿದ್ದರೂ ಅದು ಸೋಲೋದಿಲ್ಲ. ಅಲ್ಯುಮಿನಿಯಂಗೆ ಅಂಥ ಮಿತಿ ಇಲ್ಲ. ಸಣ್ಣ ಒತ್ತಡವೂ ಲಕ್ಷಾಂತರ ಸಲ ಬಿದ್ದರೆ ಬಿರುಕು ಹುಟ್ಟಬಹುದು, ಮತ್ತು ಅದು ಹುಟ್ಟೋದು ಚೂಪಾದ ಗೀರಿನ ತಳದಲ್ಲೇ. ಮುಳ್ಳಯ್ಯನಗಿರಿ ಇಳಿಜಾರಿನಲ್ಲಿ ಗುಂಡಿ ಹಾರಿಸಿಕೊಂಡು ಬರುವ ಸೈಕಲ್ಲು, ಮನೆಯಿಂದ ಡೈರಿಗೆ ಹೋಗಿಬರುವ ಸೈಕಲ್ಲು, ಎರಡಕ್ಕೂ ಒಂದೇ ಅಳತೆ ಹಿಡಿಯೋಕಾಗಲ್ಲ.

ಹೆಜ್ಜೆ 3: ಎಷ್ಟು ಆಳ, ಎಲ್ಲಿದೆ?

ಜಾಗವನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಉಗುರಿನ ತುದಿಯನ್ನು ಗೀರಿಗೆ ಅಡ್ಡಲಾಗಿ ಎಳೆಯಿರಿ. ಉಗುರು ತಡೆಯದೆ ಜಾರಿದರೆ ಹೆಚ್ಚುಪಾಲು ಬಣ್ಣಕ್ಕೆ ಮಾತ್ರ ಪೆಟ್ಟು. ಟಕ್ ಅಂತ ಸಿಕ್ಕಿಕೊಂಡರೆ ಆಳ ಇದೆ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು, ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ. ತಳದಲ್ಲಿ ಬೆಳ್ಳಗೆ ಮಿನುಗುವ ಲೋಹ ಕಂಡರೆ ಬಣ್ಣ ದಾಟಿದೆ. ಕಂದು ಕಂಡರೆ ತುಕ್ಕು ಆಗಲೇ ಬಂದಿದೆ.

ಗುರುತು ಎಲ್ಲಿದೆ ಅನ್ನೋದು ಆಳದಷ್ಟೇ ಮುಖ್ಯ. ವೆಲ್ಡಿಂಗ್ ಜೋಡಣೆಯಿಂದ ಎರಡು ಮೂರು ಬೆರಳಿನ ಅಗಲದೊಳಗೆ ಆಳದ ಗೀರು ಇದ್ದರೆ ಎಚ್ಚರ. ಅದರಲ್ಲೂ ಹ್ಯಾಂಡಲ್ ಕಡೆಯಿಂದ ಪೆಡಲ್ ಕಡೆಗೆ ಇಳಿಯುವ ದೊಡ್ಡ ಪೈಪಿನ ಮೇಲ್ತುದಿಯ ಅಡಿಭಾಗ, ಗುಂಡಿಗೆ ಬಿದ್ದಾಗಲೆಲ್ಲ ಜಗ್ಗುವ ಜಾಗ. ಗೀರಿನ ದಿಕ್ಕನ್ನೂ ನೋಡಿ. ಪೈಪಿನ ಉದ್ದಕ್ಕೆ ಇರುವ ಗೀರಿಗಿಂತ ಸುತ್ತಲೂ ಅಡ್ಡಲಾಗಿ ಇರುವ ಗೀರು ಜಾಸ್ತಿ ಕೆಟ್ಟದ್ದು.

ಗೀರಿನ ತುದಿಯಿಂದ ಕೂದಲೆಳೆಯಂಥ ಗೆರೆ ಮುಂದಕ್ಕೆ ಹೋಗಿದೆಯಾ? ಒರೆಸಿದರೂ ಅದೇ ಜಾಗದಲ್ಲಿ ಕಪ್ಪು ಗೆರೆ ಮತ್ತೆ ಬರುತ್ತದಾ? ಪೆಡಲ್ ಒತ್ತಿದಾಗ ಟಿಕ್ ಟಿಕ್ ಅನ್ನುತ್ತದಾ? ಹಾಗಿದ್ದರೆ ಇಲ್ಲಿಗೆ ನಿಲ್ಲಿಸಿ. ಬಣ್ಣದ ಮಾತು ಬಿಡಿ, ಸೈಕಲ್ ಓಡಿಸೋದನ್ನೇ ಬಿಡಿ, ಫ್ರೇಮ್ ಕೆಲಸ ತಿಳಿದ ಮೆಕಾನಿಕ್‌ಗೆ ತೋರಿಸಿ.

ಪಂಚ್ ಹೊಡೆದು ಪೈಪು ತಗ್ಗಾಗಿದ್ದರೆ ಅದನ್ನು ಎಬ್ಬಿಸುವ ಪ್ರಯತ್ನ ಬೇಡ. ತಗ್ಗು ಒಂದು ಸಲ ಲೋಹವನ್ನು ಹಿಗ್ಗಿಸಿದೆ, ಎಬ್ಬಿಸಲು ಹೋದರೆ ಇನ್ನೊಂದು ಸಲ ಹಿಗ್ಗುತ್ತದೆ. ತುಂಬಿಸಿ ಮುಚ್ಚಿದರೆ ಸಾಕು.

ಸ್ಟಿಕ್ಕರ್, ಶಾಯಿ ಮಾತ್ರ ಕೆಟ್ಟಿದ್ದರೆ

ಇದು ಸುಲಭ. ಸೊಟ್ಟಗೆ ಅಂಟಿದ ಸ್ಟಿಕ್ಕರನ್ನು ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ, ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ಎಬ್ಬಿಸಿ. ಬ್ಲೇಡ್ ಬೇಡ, ಗೀರು ಬಿದ್ದು ಇನ್ನೊಂದು ಕೆಲಸ ಹುಟ್ಟುತ್ತದೆ. ಕಿತ್ತರೆ ಚೂರು ಚೂರಾಗುವ ಭದ್ರತಾ ಸ್ಟಿಕ್ಕರ್ ಆಗಿದ್ದರೆ ತಾಳ್ಮೆ ಬೇಕು, ಅದನ್ನು ಮಾಡಿರೋದೇ ಹಾಗೆ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟು ಒರೆಸಿ, ಆಮೇಲೆ ಸೋಪಿನ ನೀರು. ಮಾರ್ಕರ್ ಶಾಯಿ ಸ್ಯಾನಿಟೈಸರ್‌ನಲ್ಲೇ ಹೋಗುತ್ತದೆ. ಥಿನ್ನರ್ ಮಾತ್ರ ಮುಟ್ಟಬೇಡಿ, ಶಾಯಿಯ ಜೊತೆ ಫ್ರೇಮಿನ ಬಣ್ಣ, ಕಂಪನಿ ಹೆಸರು ಎಲ್ಲಾ ಹೋಗುತ್ತದೆ. ನೇರಳಾತೀತ ಬೆಳಕಿನಲ್ಲಿ ಮಾತ್ರ ಕಾಣುವ ಪೆನ್ನಿನಲ್ಲಿ ಬರೆದಿದ್ದರೆ ಚಿಂತೆಯೇ ಇಲ್ಲ. ಬಿಸಿಲಿಗೆ ತಾನಾಗೇ ಮಾಸುತ್ತದೆ. ಆ ಪೆನ್ನಿನ ದೊಡ್ಡ ದೋಷವೂ ಅದೇ.

ಹೆಜ್ಜೆ 4: ಉಕ್ಕಿನ ಫ್ರೇಮಿನ ರಿಪೇರಿ

ನಮ್ಮ ಕಡೆ ಹೆಚ್ಚು ಜನರಿಗೆ ಬೇಕಾಗಿರುವುದು ಇದೇ. ಹಾಗಾಗಿ ವಿವರವಾಗಿ ಹೇಳುತ್ತೇನೆ.

ಮೊದಲು ಹವಾಮಾನ. ಸಕಲೇಶಪುರ, ಮೂಡಿಗೆರೆ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಒಣಗಿರುವುದಿಲ್ಲ, ಬಣ್ಣ ಎಲ್ಲಿ ಒಣಗೀತು? ತೇವದ ಮೇಲೆ ಹಚ್ಚಿದ ಪ್ರೈಮರ್ ಒಳಗೇ ತುಕ್ಕು ಕೂಡಿಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ಗುರುತು ಕೆಟ್ಟರೆ ಗೀರನ್ನು ಒಣಗಿಸಿ, ಗ್ರೀಸ್ ಅಥವಾ ವ್ಯಾಸಲಿನ್ ತುಂಬಿ, ಮೇಲೆ ಪ್ಲಾಸ್ಟಿಕ್ ಟೇಪ್ ಸುತ್ತಿ ಇಟ್ಟುಬಿಡಿ. ಫೆಬ್ರವರಿ, ಮಾರ್ಚ್ ಬಂದಾಗ ಬಿಚ್ಚಿ ಕೆಲಸ ಮಾಡಿ. ಅರಸೀಕೆರೆ ಕಡೆಯವರಿಗೆ ಈ ತೊಂದರೆ ಅಷ್ಟಿಲ್ಲ. ಚಳಿಗಾಲವಾದರೆ ಇಬ್ಬನಿ ಆರಿ, ಪೈಪು ಮುಟ್ಟಿದರೆ ತಣ್ಣಗಿಲ್ಲ ಅನ್ನಿಸಿದ ಮೇಲೆ ಶುರು ಮಾಡಿ, ಅಂದರೆ ಹತ್ತು ಹನ್ನೊಂದು ಗಂಟೆ.

ಬೇಕಾದದ್ದು: 320, 600, 1000 ನಂಬರಿನ ವಾಟರ್ ಪೇಪರ್ (ನೀರಿನಲ್ಲಿ ಅದ್ದಿಯೂ ಬಳಸಬಹುದಾದ ಉಪ್ಪುಕಾಗದ), ರೆಡ್ ಆಕ್ಸೈಡ್ ಪ್ರೈಮರಿನ ಚಿಕ್ಕ ಡಬ್ಬಿ, ಬಣ್ಣ, ಕ್ಲಿಯರ್ ಕೋಟ್ (ಬಣ್ಣದ ಮೇಲೆ ಹಚ್ಚುವ ಪಾರದರ್ಶಕ ಪದರ), ಮಾಸ್ಕಿಂಗ್ ಟೇಪ್, ಹತ್ತಿ ಬಟ್ಟೆ, ಟೂತ್‌ಪಿಕ್. ಬಣ್ಣಕ್ಕೆ ಕಾರಿನ ಟಚ್-ಅಪ್ ಪೆನ್ ಒಳ್ಳೆಯದು. ಅದು ಸಿಗದಿದ್ದರೆ ಉಗುರುಬಣ್ಣ. ನಗಬೇಡಿ. ಉಗುರುಬಣ್ಣವೂ ಒಂದು ಬಗೆಯ ಲ್ಯಾಕರ್ರೇ, ಸಾವಿರ ಛಾಯೆಗಳಲ್ಲಿ ಸಿಗುತ್ತದೆ, ಕುಂಚ ಮುಚ್ಚಳದಲ್ಲೇ ಇರುತ್ತದೆ. ಹೆಚ್ಚು ವರ್ಷ ಬಾಳೋದಿಲ್ಲ ಅನ್ನೋದು ಮಾತ್ರ ಕೊರತೆ.

ಗೀರಿನ ಸುತ್ತ ಅರ್ಧ ಬೆರಳಿನಷ್ಟು ಜಾಗ ಬಿಟ್ಟು ಟೇಪ್ ಸುತ್ತಿ. ಚಕ್ಕೆ ಎದ್ದ ಬಣ್ಣವನ್ನು ಟೂತ್‌ಪಿಕ್‌ನಿಂದ ಎಬ್ಬಿಸಿ ತೆಗೆಯಿರಿ. ಹಾಗೇ ಬಿಟ್ಟರೆ ಅದರಡಿ ನೀರು ನುಗ್ಗುತ್ತದೆ. 320ರ ಕಾಗದವನ್ನು ಸಣ್ಣಗೆ ಮಡಚಿ ಗೀರಿನೊಳಗೇ ಓಡಿಸಿ. ಇಲ್ಲಿ ಉದ್ದೇಶ ಅಕ್ಷರ ಅಳಿಸೋದಲ್ಲ. ಗೀರಿನ ತಳ ಚೂಪಾಗಿದ್ದರೆ ದುಂಡಗೆ ಮಾಡೋದು, ತುಕ್ಕಿನ ಪುಡಿ ತೆಗೆಯೋದು, ಎರಡೇ. ಚೂಪಾದ ತಳದಲ್ಲಿ ಒತ್ತಡ ಒಂದೇ ಬಿಂದುವಿಗೆ ಬೀಳುತ್ತದೆ, ದುಂಡಗಾದರೆ ಹಂಚಿಹೋಗುತ್ತದೆ. ಅಕ್ಷರ ಪೂರ್ತಿ ಹೋಗುವವರೆಗೆ ಉಜ್ಜಿದರೆ ಸುತ್ತಲಿನ ಒಳ್ಳೆಯ ಲೋಹವನ್ನೂ ಅಷ್ಟೇ ಆಳಕ್ಕೆ ತೆಗೆದ ಹಾಗಾಗುತ್ತದೆ. ಗ್ರೈಂಡರ್ ಅಂತೂ ಹತ್ತಿರ ತರಬೇಡಿ.

ತುಕ್ಕು ಗುಳಿಗಳಲ್ಲಿ ಕೂತಿದ್ದರೆ ಹಾರ್ಡ್‌ವೇರ್ ಅಂಗಡಿಯ ರಸ್ಟ್ ಕನ್ವರ್ಟರ್ ಹಚ್ಚಿ. ಅದರಲ್ಲಿ ಸಾಮಾನ್ಯವಾಗಿ ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿಕ್ ಆಮ್ಲ ಇರುತ್ತದೆ, ತುಕ್ಕನ್ನು ಕಪ್ಪು ಗಟ್ಟಿ ಪದರ ಮಾಡುತ್ತದೆ. ಕೈಗವಸು ಹಾಕಿಕೊಳ್ಳಿ. ಅದು ಸಿಗದಿದ್ದರೆ ಹುಣಸೆಹಣ್ಣಿನ ಗಟ್ಟಿ ರಸ. ಅಜ್ಜಿ ಹಿತ್ತಾಳೆ ಚೆಂಬು ಬೆಳಗುತ್ತಿದ್ದದ್ದು ಇದರಲ್ಲೇ. ಬಟ್ಟೆಯಲ್ಲಿ ಅದ್ದಿ ಒಂದೆರಡು ಗಂಟೆ ಕಟ್ಟಿಡಿ. ಬಿಚ್ಚಿದ ತಕ್ಷಣ ನೀರಿನಲ್ಲಿ ಚೆನ್ನಾಗಿ ತೊಳೆದು, ಒರೆಸಿ, ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ ಒಣಗಿಸಿ. ತಡ ಮಾಡಿದರೆ ಬೆತ್ತಲೆ ಉಕ್ಕಿನ ಮೇಲೆ ಕಣ್ಣೆದುರೇ ಹೊಸ ತುಕ್ಕು ಮೂಡುತ್ತದೆ.

ಸ್ಪಿರಿಟ್‌ನಲ್ಲಿ ಒರೆಸಿ ಪ್ರೈಮರ್ ಹಚ್ಚಿ. ಒರೆಸಿದ ಮೇಲೆ ಆ ಜಾಗವನ್ನು ಕೈಯಲ್ಲಿ ಮುಟ್ಟಬೇಡಿ, ಬೆವರಿನ ಉಪ್ಪು ಸಾಕು ಕೆಡಿಸೋಕೆ. ಪ್ರೈಮರ್ ಒಂದು ದಿನ ಒಣಗಲಿ. ಗೀರು ಇನ್ನೂ ತಗ್ಗಾಗಿ ಕಂಡರೆ ಕಾರ್ ಪೇಂಟಿಂಗ್ ಅಂಗಡಿಯವರು ಬಳಸುವ ಎನ್‌ಸಿ ಪುಟ್ಟಿ ತೆಳ್ಳಗೆ ಎಳೆಯಿರಿ. ಒಣಗಿದಾಗ ಕುಗ್ಗುತ್ತದೆ, ಇನ್ನೊಮ್ಮೆ ಎಳೆಯಿರಿ. ಒಂದೇ ಸಲ ದಪ್ಪ ತುಂಬಿದರೆ ಬಿರಿಯುತ್ತದೆ. ಪಂಚ್‌ನ ಆಳದ ತಗ್ಗಿಗೆ ಅರಾಲ್ಡೈಟ್ ಅಥವಾ ಎಂ-ಸೀಲ್ ಮೇಲು. 600ರ ಕಾಗದವನ್ನು ನೀರಿನಲ್ಲಿ ಅದ್ದಿ ಸಮ ಮಾಡಿ, ಒಣಗಿಸಿ, ಬಣ್ಣ ಮೂರು ತೆಳು ಕೋಟು, ನಡುವೆ ಅರ್ಧ ಗಂಟೆ. ಕೊನೆಗೆ ಕ್ಲಿಯರ್ ಕೋಟ್. ಮುಟ್ಟಿದರೆ ಅಂಟದಿರುವುದು ಬೇರೆ, ಪೂರ್ತಿ ಗಟ್ಟಿಯಾಗುವುದು ಬೇರೆ. ಒಂದು ವಾರ ಬಿಟ್ಟು 1000ರ ಕಾಗದದಲ್ಲಿ ಹಗುರವಾಗಿ ತಿಕ್ಕಿ, ರಬ್ಬಿಂಗ್ ಕಾಂಪೌಂಡ್ ಹಾಕಿದರೆ ಅಂಚು ಕರಗುತ್ತದೆ.

ಇಷ್ಟೆಲ್ಲಾ ಬೇಡಪ್ಪಾ ಅನ್ನುವವರಿಗೆ: ತುಕ್ಕು ತೆಗೆದು ಪ್ರೈಮರ್ ಹಚ್ಚಿ, ಮೇಲೆ ಹೊಳೆಯುವ ರಿಫ್ಲೆಕ್ಟರ್ ಟೇಪ್ ಸುತ್ತಿ. ಕತ್ತಲಲ್ಲಿ ಬಿ.ಎಂ. (ಬೆಂಗಳೂರು-ಮಂಗಳೂರು) ರೋಡಿನಲ್ಲಿ ಬರುವ ಲಾರಿಯವರಿಗೂ ಕಾಣುತ್ತೀರಿ.

ಹೆಜ್ಜೆ 5: ಅಲ್ಯುಮಿನಿಯಂ, ಕಾರ್ಬನ್

ಅಲ್ಯುಮಿನಿಯಂಗೆ ಕಂದು ತುಕ್ಕು ಬರುವುದಿಲ್ಲ. ಆದರೆ ಗೀರಿನ ಪಕ್ಕ ಬಣ್ಣದಡಿಯಲ್ಲಿ ಬಿಳಿ ಪುಡಿ ಏಳುತ್ತದೆ, ಬಣ್ಣ ಗುಳ್ಳೆಯಾಗುತ್ತದೆ. ಕೆಲಸದ ಕ್ರಮ ಉಕ್ಕಿನದ್ದೇ, ಮೂರು ವ್ಯತ್ಯಾಸ. ಸ್ಟೀಲ್ ನಾರು ಹಾಕಿ ಉಜ್ಜಬೇಡಿ. ಉಕ್ಕಿನ ಚೂರು ಅಲ್ಯುಮಿನಿಯಂನಲ್ಲಿ ಸಿಕ್ಕಿಕೊಂಡರೆ ಎರಡು ಲೋಹದ ನಡುವೆ ಸವೆತ ಶುರುವಾಗುತ್ತದೆ. ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ ಸಾಕು. ರಸ್ಟ್ ಕನ್ವರ್ಟರ್ ಬೇಡ. ರೆಡ್ ಆಕ್ಸೈಡ್ ಬದಲು ಎಚ್ (etch) ಪ್ರೈಮರ್ ಕೇಳಿ, ಕಾರಿನ ಬಣ್ಣದ ಅಂಗಡಿಯಲ್ಲಿ ಸಿಗುತ್ತದೆ.

ಕೆಲವು ವೆಲ್ಡಿಂಗ್ ಅಂಗಡಿಯವರು ಪ್ರೀತಿಯಿಂದಲೇ ಹೇಳುತ್ತಾರೆ: "ಏನ್ ಸಾರ್, ಒಂದು ಚುಕ್ಕಿ ಹಾಕಿ ಉಜ್ಜಿಬಿಡ್ತೀನಿ, ಗೊತ್ತೇ ಆಗಲ್ಲ." ಬೇಡ ಅನ್ನಿ. ಫ್ರೇಮಿನ ಅಲ್ಯುಮಿನಿಯಂ ಹೆಚ್ಚಾಗಿ 6061 ಥರದ ಮಿಶ್ರಲೋಹ. ಕಾರ್ಖಾನೆಯಲ್ಲಿ ವೆಲ್ಡ್ ಮಾಡಿದ ಮೇಲೆ ಶಾಖ ಕೊಟ್ಟು ಅದನ್ನು ಮತ್ತೆ ಗಟ್ಟಿ ಮಾಡಿರುತ್ತಾರೆ. ಇಲ್ಲಿ ಒಂದು ಚುಕ್ಕಿ ವೆಲ್ಡಿಂಗ್ ಹಾಕಿದರೆ ಆ ಜಾಗ ಮೆತ್ತಗಾಗುತ್ತದೆ, ಮತ್ತೆ ಗಟ್ಟಿ ಮಾಡುವ ಒಲೆ ಅಂಗಡಿಯಲ್ಲಿ ಇರುವುದಿಲ್ಲ. ಗೀರಿನಿಂದ ಆಗದ ನಷ್ಟ ರಿಪೇರಿಯಿಂದ ಆಗುತ್ತದೆ.

ಕಾರ್ಬನ್ ಫ್ರೇಮಿನಲ್ಲಿ ಗೀರು ಕ್ಲಿಯರ್ ಕೋಟ್ ದಾಟಿ ನಾರಿನವರೆಗೆ ಹೋಗಿದ್ದರೆ ಮನೆಯಲ್ಲಿ ಏನೂ ಮಾಡಬೇಡಿ. ಕಾರ್ಬನ್ ರಿಪೇರಿ ಮಾಡುವವರಿಗೇ ತೋರಿಸಿ. ಬರೀ ಕ್ಲಿಯರ್ ಕೋಟ್ ಹೋಗಿದ್ದರೆ ಒಂದು ಕೋಟು ಹಚ್ಚಿ. ಇನ್ನು ಮುಂದೆ ಅದರ ಮೇಲೆ ಮಿಷನ್ ಇಡಿಸಬೇಡಿ, ಅಷ್ಟೇ.

ರಾಸಾಯನಿಕ ಹರಡಿ ಕಲಸಿಹೋದ ಗುರುತು

ಅಚ್ಚು ಹಾಳೆಯ ಕಿಟ್‌ಗಳು ಹೆಚ್ಚಾಗಿ ಬಣ್ಣದ ಮೇಲೆ ಕೆಲಸ ಮಾಡುತ್ತವೆ, ಲೋಹಕ್ಕೆ ಆಳವಾಗಿ ಇಳಿಯುವುದಿಲ್ಲ. ಹಾಗಾಗಿ ನೋಡಲು ಕೆಟ್ಟದಾಗಿದ್ದರೂ ಪೈಪಿಗೆ ಭಯವಿಲ್ಲ. ಈಗಷ್ಟೇ ಆಗಿದ್ದರೆ ಮೊದಲು ಒಣಗಿದ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ, ಒರೆಸಿದರೆ ಇನ್ನೂ ಹರಡುತ್ತದೆ. ಆಮೇಲೆ ಜಾಸ್ತಿ ನೀರು ಹಾಕಿ ತೊಳೆಯಿರಿ. ಗಟ್ಟಿಯಾದ ಮೇಲೆ ರಬ್ಬಿಂಗ್ ಕಾಂಪೌಂಡ್ ಹಾಕಿ ಅಂಚಿನ ಕಲೆ ಎಷ್ಟು ಹೋಗುತ್ತದೋ ನೋಡಿ, ಉಳಿದದ್ದನ್ನು ಬಣ್ಣದಿಂದ ಮುಚ್ಚಿ.

ಇಂಥ ವಿದೇಶಿ ಕಿಟ್ ತರಿಸುವವರಿಗೆ ಒಂದು ಮಾತು. ಬ್ರಿಟನ್ನಿನಲ್ಲಿ ಬೈಕ್‌ರಿಜಿಸ್ಟರ್ ಅನ್ನುವ ದಾಖಲೆಯನ್ನು ಪೊಲೀಸರು ನೋಡುತ್ತಾರೆ. ಜಪಾನಿನಲ್ಲಿ ಸೈಕಲ್ ನೋಂದಣಿ ಕಡ್ಡಾಯ. ಫ್ರಾನ್ಸಿನಲ್ಲಿ 2021ರಿಂದ ಅಂಗಡಿಯಲ್ಲಿ ಮಾರುವ ಹೊಸ ಸೈಕಲ್ಲಿಗೆ ಗುರುತಿನ ಸಂಖ್ಯೆ ಇರಲೇಬೇಕು. ನಮ್ಮಲ್ಲಿ ಸೈಕಲ್ಲಿಗೆ ಆರ್‌ಟಿಒ ನೋಂದಣಿ ಇಲ್ಲ, ದೇಶಕ್ಕೆಲ್ಲ ಒಂದು ದಾಖಲೆಯೂ ಇಲ್ಲ. ಆ ಕಿಟ್ಟಿನ ಕೋಡು ಲಂಡನ್ನಿನಲ್ಲಿ ಕೆಲಸ ಮಾಡುತ್ತದೆ, ಹಾಸನದ ಠಾಣೆಯಲ್ಲಿ ಅದನ್ನು ಯಾರೂ ಹುಡುಕುವುದಿಲ್ಲ. ಅದು ಕಲಸಿಹೋದರೆ ದುಃಖಪಡುವುದಕ್ಕೇನೂ ಇಲ್ಲ.

ಹೆಜ್ಜೆ 6: ಅಂಕಿ ತಪ್ಪಿದೆ, ಈಗೇನು?

ಆರನ್ನು ಎಂಟು ಮಾಡೋದು, ಒಂದನ್ನು ಏಳು ಮಾಡೋದು ಬೇಡ. ತಿದ್ದಿದ ಅಂಕಿ ತಪ್ಪು ಅಂಕಿಗಿಂತ ಜಾಸ್ತಿ ಅನುಮಾನ ತರಿಸುತ್ತದೆ. ತಪ್ಪಾದ ಗುರುತು ಓದುವಂತಿದ್ದು ಆಳವಾಗಿದ್ದರೆ, ಅದನ್ನು ತುಂಬಿಸಿ ಬಣ್ಣ ಹಚ್ಚಿ ಮುಚ್ಚಿ. ಒಳಗೆ ಇನ್ನೂ ಇರುತ್ತದೆ, ಇರಲಿ. "ಇಂಥ ದಿನ ಇಂಥ ನಂಬರ್ ತಪ್ಪಾಗಿ ಬಿದ್ದಿತ್ತು, ಮುಚ್ಚಿಸಿದೆ" ಅಂತ ಬಿಲ್ಲಿನ ಹಿಂದೆ ಬರೆದು ಫೋಟೊ ಜೊತೆ ಇಡಿ. ಸರಿಯಾದ ಗುರುತು ಬೇರೆ ಕಡೆ ಹಾಕಿ.

ಯಾವ ಗುರುತು? ಫೋನ್ ನಂಬರ್ ನನಗೆ ಹಿಡಿಸುವುದಿಲ್ಲ. ಸಿಮ್ ಬದಲಾಗುತ್ತದೆ, ನಂಬರ್ ಇನ್ನೊಬ್ಬರಿಗೆ ಹೋಗುತ್ತದೆ. ಹೆಣ್ಣುಮಕ್ಕಳ ಸೈಕಲ್ಲಿನ ಮೇಲೆ ಫೋನ್ ನಂಬರ್ ಬೇಡವೇ ಬೇಡ, ಅಪ್ಪನದ್ದೂ ಬೇಡ. ಆಧಾರ್ ನಂಬರ್ ಬರೆಸುವವರೂ ಇದ್ದಾರೆ, ದಯವಿಟ್ಟು ಮಾಡಬೇಡಿ. ಡ್ರೈವಿಂಗ್ ಲೈಸೆನ್ಸ್ ನಂಬರ್ ಬದಲಾಗುವುದು ಕಮ್ಮಿ, ಪೊಲೀಸರು ಹುಡುಕಲೂಬಹುದು, ಆದರೆ ಹದಿನೈದು ಅಕ್ಷರ. ಗುಂಡು ಪೈಪಿನ ಮೇಲೆ ಹದಿನೈದು ಅಕ್ಷರ ತಪ್ಪಿಲ್ಲದೆ ಬೀಳೋದು ಕಷ್ಟ. ನನ್ನ ಆಯ್ಕೆ ಇದು: ಮನೆಯವರ ಇನಿಷಿಯಲ್, ಮನೆ ನಂಬರ್, ಊರಿನ ಪಿನ್‌ಕೋಡ್‌ನ ಕೊನೆಯ ಮೂರಂಕಿ. ಹಾಸನ ಪೇಟೆಯಾದರೆ 573201ರಲ್ಲಿ 201, ಚಿಕ್ಕಮಗಳೂರಾದರೆ 577101ರಲ್ಲಿ 101. ಚಿಕ್ಕದು, ನಿಮಗೆ ಅರ್ಥವಾಗುತ್ತದೆ, ದಾರಿಹೋಕರಿಗೆ ಏನೂ ಹೇಳುವುದಿಲ್ಲ.

ಎಲ್ಲಿ? ಪೈಪಿನ ಮೇಲೆ ಬೇಡ. ಫ್ರೇಮಿಗೆ ಭಾರ ಬೀಳದ ಗಟ್ಟಿ ಲೋಹ ಇರುವ ಕಡೆ ಹುಡುಕಿ: ಕ್ಯಾರಿಯರ್ ಪಟ್ಟಿ, ಸ್ಟ್ಯಾಂಡ್, ಮಡ್‌ಗಾರ್ಡ್ ಕಡ್ಡಿಯ ಚಪ್ಪಟೆ ಭಾಗ. ಬಿಚ್ಚಿ ತೆಗೆಯಬಹುದಲ್ಲ ಅನ್ನಬಹುದು. ನಿಜ. ಅದಕ್ಕೇ ಎರಡನೆಯದ್ದು ಒಳಗೆ. ಸೀಟನ್ನು ಕಂಬ ಸಮೇತ ಎಳೆದು, ಹೆಸರು ವಿಳಾಸ ಬರೆದ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಆ ಪೈಪಿನೊಳಗೆ ಇಡಿ. ಜೆಲ್ ಪೆನ್ ತೇವಕ್ಕೆ ಹರಡುತ್ತದೆ, ಪೆನ್ಸಿಲ್‌ನಲ್ಲಿ ಬರೆಯಿರಿ. ಇನ್ನೊಂದು ಚೀಟಿ ಹ್ಯಾಂಡಲ್ ಗ್ರಿಪ್ಪಿನ ಒಳಗೆ. ಕಳ್ಳ ಬಣ್ಣ ಬದಲಿಸಿದರೂ ಸೀಟಿನ ಕಂಬ ಎಳೆದು ನೋಡುವುದು ಅಪರೂಪ, ಮತ್ತು ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಗೀರುವ ಎಲ್ಲಾ ವಿಧಾನಗಳಿಗಿಂತ ಇದನ್ನೇ ನಾನು ಮೇಲೆ ಇಡುವುದು.

ಮಿಷನ್ನಿನಲ್ಲೇ ಹಾಕಿಸಬೇಕು ಅಂದರೆ ಮೊದಲು ಹಳೇ ಪೈಪಿನ ತುಂಡಿನ ಮೇಲೆ ಒಮ್ಮೆ ಬರೆಸಿ. ಸೈಕಲ್ಲಿನ ಮೇಲೆ ಮಾಸ್ಕಿಂಗ್ ಟೇಪ್ ಸುತ್ತಿ, ಅದರ ಮೇಲೆ ಪೆನ್ಸಿಲ್‌ನಲ್ಲಿ ಬರೆದುಕೊಟ್ಟು, ಟೇಪಿನ ಮೇಲೇ ಸೂಜಿ ಓಡಿಸಲು ಹೇಳಿ. ಸೂಜಿ ಜಾರುವುದಿಲ್ಲ, ಚಕ್ಕೆಯೂ ಕಮ್ಮಿ. ಮುಗಿದ ಕೂಡಲೇ ಟೇಪ್ ಕಿತ್ತು, ಅಲ್ಲೇ ಕ್ಲಿಯರ್ ಉಗುರುಬಣ್ಣ ಸವರಿ.

ಇಡೀ ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸುವವರಿಗೆ

ಗೀರು ತುಂಬಾ ಇದ್ದರೆ ಈ ಆಸೆ ಬರುತ್ತದೆ. ಪೌಡರ್ ಕೋಟಿಂಗ್ ಅಂದರೆ ಪುಡಿ ಬಣ್ಣ ಸಿಂಪಡಿಸಿ ಒಲೆಯಲ್ಲಿ ಬೇಯಿಸೋದು. ಆ ಒಲೆಯಲ್ಲಿ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖ ಇರುತ್ತದೆ. ಮೊದಲು ತುಂಬಿಸಿದ ಎನ್‌ಸಿ ಪುಟ್ಟಿ, ಎಂ-ಸೀಲ್ ಅದನ್ನು ತಡೆಯುವುದಿಲ್ಲ. ಹಾಗಾಗಿ ತುಂಬಿಸುವ ಮೊದಲೇ ತೀರ್ಮಾನ ಮಾಡಿ. ಸೀಟು ಕಂಬದ ಚೀಟಿ, ಬೇರಿಂಗು ಎಲ್ಲಾ ತೆಗೆದು ಕೊಡಿ. ಹಳೇ ಬಣ್ಣ ತೆಗೆಯಲು ಮರಳಿನಂಥ ಪುಡಿಯನ್ನು ಜೋರಾಗಿ ಹಾರಿಸುತ್ತಾರೆ, ಅದು ಬ್ಲಾಸ್ಟಿಂಗ್. ಮುಖ್ಯವಾಗಿ ಅಂಗಡಿಯವರಿಗೆ ಹೇಳಿ: "ಅಣ್ಣಾ, ತಳದ ನಂಬರಿನ ಮೇಲೆ ಬ್ಲಾಸ್ಟಿಂಗ್ ಜಾಸ್ತಿ ಹೊಡೀಬೇಡಿ, ದಪ್ಪ ಕೋಟೂ ಬೇಡ." ಹೇಳದಿದ್ದರೆ ನಂಬರ್ ಬಣ್ಣದಡಿ ಮುಚ್ಚಿಹೋಗುತ್ತದೆ. ಕಾರ್ಬನ್ ಫ್ರೇಮ್ ಆ ಒಲೆಗೆ ಹೋಗುವಂತಿಲ್ಲ.

ಸೆಕೆಂಡ್ ಹ್ಯಾಂಡ್ ಸೈಕಲ್ಲಿನ ಮೇಲೆ ಬೇರೆಯವರ ಹೆಸರು

ಎಂಜಿನಿಯರಿಂಗ್ ಕಾಲೇಜು ಮುಗಿಸಿ ಊರಿಗೆ ಹೋಗುವ ಹುಡುಗರು ಸೈಕಲ್ ಮಾರುತ್ತಾರೆ. ಮೇಲೆ ಅವರ ಹೆಸರು ಇರುತ್ತದೆ. ಅದನ್ನು ಅಳಿಸುವ ಮೊದಲು ಒಂದು ಬಿಳಿ ಹಾಳೆಯಲ್ಲಿ ಬರೆಸಿಕೊಳ್ಳಿ: ಯಾರು, ಯಾರಿಗೆ, ಯಾವಾಗ, ಎಷ್ಟಕ್ಕೆ, ಫ್ರೇಮ್ ನಂಬರ್ ಯಾವುದು, ಮೇಲಿರುವ ಹೆಸರು ಮಾರಿದವರದ್ದೇ ಅಂತ ಒಂದು ಸಾಲು. ಅವರ ಸಹಿ, ಹಳೇ ಬಿಲ್ಲು ಇದ್ದರೆ ಅದೂ. ಫ್ರೇಮ್ ನಂಬರ್ ಉಜ್ಜಿದ್ದರೆ ಎಷ್ಟೇ ಅಗ್ಗವಾದರೂ ಬಿಡಿ. ಕದ್ದ ಮಾಲು ಅಂತ ನಂಬಲು ಕಾರಣವಿದ್ದೂ ಕೊಂಡರೆ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಕೊಂಡವರ ಮೇಲೂ ಬರುತ್ತದೆ.

ಹೆಜ್ಜೆ 7: ದಾಖಲೆ ಒಂದೇ ಕಡೆ ಇಡಿ

ಬಿಲ್ಲು, ಫ್ರೇಮ್ ನಂಬರಿನ ಫೋಟೊ, ಗುರುತಿನ ಫೋಟೊ, ರಿಪೇರಿಯ ಫೋಟೊ, ಇವಿಷ್ಟನ್ನೂ ನಿಮಗೇ ಇಮೇಲ್ ಮಾಡಿಕೊಳ್ಳಿ. ತಾರೀಕು ತಾನಾಗೇ ದಾಖಲಾಗುತ್ತದೆ. ಬೈಕ್ ಇಂಡೆಕ್ಸ್ ಅನ್ನುವ ತಾಣದಲ್ಲಿ ಹಣ ಕೊಡದೆ ನೋಂದಾಯಿಸಬಹುದು. ಇಲ್ಲಿಯ ಪೊಲೀಸರು ಅದನ್ನು ನೋಡುತ್ತಾರೆ ಅಂತಲ್ಲ, ನಿಮ್ಮ ದಾಖಲೆಗೆ ಇನ್ನೊಂದು ತಾರೀಕು ಸಿಕ್ಕಂತಾಗುತ್ತದೆ.

ಬಿಲ್ಲಿಗೆ ಈಗ ಇನ್ನೊಂದು ಬೆಲೆ ಬಂದಿದೆ. ಹೊಸ ಕಾನೂನಿನಲ್ಲಿ 5,000 ರೂಪಾಯಿಗಿಂತ ಕಮ್ಮಿ ಬೆಲೆಯ ವಸ್ತುವಿನ ಕಳವನ್ನು ಬೇರೆ ಥರ ನೋಡುತ್ತಾರೆ. ಮೊದಲ ಸಲ ಸಿಕ್ಕಿಬಿದ್ದವನು ವಸ್ತು ಅಥವಾ ಅದರ ಬೆಲೆ ವಾಪಸ್ ಕೊಟ್ಟರೆ ಸಮುದಾಯ ಸೇವೆಯ ಶಿಕ್ಷೆ, ಮತ್ತು ಅಂಥ ಪ್ರಕರಣ ನೇರವಾಗಿ ಎಫ್‌ಐಆರ್ ಆಗುವ ಬಗೆಯದ್ದಲ್ಲ. ನಿಮ್ಮ ಸೈಕಲ್ ಏಳು ಸಾವಿರದ್ದೋ ನಾಲ್ಕು ಸಾವಿರದ್ದೋ ಅನ್ನೋದನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ದೂರನ್ನು ಆನ್‌ಲೈನ್‌ನಲ್ಲಿ ಕೊಟ್ಟರೆ ಮೂರು ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು, ಆಗಲೇ ಅದು ದಾಖಲಾಗುವುದು. ದೂರಿನಲ್ಲಿ ಫ್ರೇಮ್ ನಂಬರ್, ಹೊರಗೆ ಕಾಣುವ ಗುರುತು, ಮುಚ್ಚಿಸಿದ ತಪ್ಪು ಗುರುತು ಎಲ್ಲಿದೆ ಅನ್ನೋದು ಮೂರನ್ನೂ ಬರೆಯಿರಿ. ಒಳಗಿನ ಚೀಟಿಯ ವಿಷಯವನ್ನೂ ಬರೆಯಿರಿ.

ಸೈಕಲ್ ಸಿಕ್ಕ ಮೇಲೂ ಅದು ಸಾಮಾನ್ಯವಾಗಿ ಕೋರ್ಟಿನ ಆದೇಶದ ಮೇಲೆಯೇ ಕೈಗೆ ಬರುತ್ತದೆ. ಆಗ ಕೇಳುವುದು ನಿಮ್ಮದು ಅನ್ನೋದಕ್ಕೆ ಏನಿದೆ ಅಂತ. ಆ ಸೊಟ್ಟ ಅಕ್ಷರ ಬಿದ್ದ ದಿನದ ಫೋಟೊ, ಅದನ್ನು ತುಂಬಿಸಿದ ದಿನದ ಫೋಟೊ ಇದ್ದರೆ ಮೆಕಾನಿಕ್ ಕೈಯಲ್ಲಿ ಆ ಜಾಗದ ಬಣ್ಣ ಕೆರೆಸಿ ತೋರಿಸಬಹುದು. ಬಿಲ್ಲು ಕಳೆದುಹೋಗಿದ್ದರೆ ಕೊಂಡ ಅಂಗಡಿಗೆ ಈಗಲೇ ಹೋಗಿ ನಕಲು ಕೇಳಿ. ಹಳೇ ಬಿಲ್ ಪುಸ್ತಕವನ್ನು ಅಂಗಡಿಯವರು ಎಷ್ಟು ವರ್ಷ ಇಟ್ಟುಕೊಂಡಿರುತ್ತಾರೋ ಹೇಳೋಕಾಗಲ್ಲ.